ಕುದುರೆಯ ಜೊತೆಗೆ ಹಗ್ಗವನ್ನೂ ನೋಡಿ

ಪ್ರಶ್ನೆ: ಕಲಾ ಇತಿಹಾಸದ ಪುಸ್ತಕವೊಂದರಲ್ಲಿ ಹಾನ್ ಗಾನ್ ಎಂಬ ಚೀನೀ ಕಲಾವಿದ ಬರೆದ ಬಿಳಿ ಕುದುರೆಯ ಚಿತ್ರ ನೋಡಿದೆ. ಮೈ ದಪ್ಪ, ಕಾಲು ಸಣ್ಣ, ಹಿನ್ನೆಲೆಯೇ ಇಲ್ಲ, ಸುತ್ತಲೂ ಕೆಂಪು ಮುದ್ರೆಗಳು. ಇದನ್ನು ಶ್ರೇಷ್ಠ ಕೃತಿ ಎನ್ನುವುದೇಕೆ? ಚೀನೀಯರು ಕುದುರೆಯನ್ನು ಇಷ್ಟೊಂದು ಬರೆದದ್ದಾದರೂ ಏಕೆ? ಮನೆಗಳ ಗೋಡೆಯಲ್ಲಿ ಕಾಣುವ, ಕಪ್ಪು ಮಸಿಯಲ್ಲಿ ಓಡುವ ಕುದುರೆಗಳ ಚಿತ್ರಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ನೀವು ನೋಡಿದ ಚಿತ್ರದ ಹೆಸರು ‘ಇರುಳನ್ನು ಬೆಳಗುವ ಬಿಳಿಯ’. ಕ್ರಿ.ಶ. 750ರ ಸುಮಾರಿಗೆ ಕಾಗದದ ಮೇಲೆ ಮಸಿಯಲ್ಲಿ ಬರೆದದ್ದು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿದೆ. ಚಿತ್ರದ ಅಳತೆ ಸುಮಾರು 31 ಸೆಂಟಿಮೀಟರ್ ಎತ್ತರ, 34 ಸೆಂಟಿಮೀಟರ್ ಅಗಲ, ಅಷ್ಟೆ. ನಿಮ್ಮ ಪ್ರಶ್ನೆಯಲ್ಲಿ ಮೈ, ಕಾಲು, ಹಿನ್ನೆಲೆ, ಮುದ್ರೆ ಎಲ್ಲವೂ ಬಂದಿವೆ. ಒಂದು ವಸ್ತು ಮಾತ್ರ ಬಂದಿಲ್ಲ. ಆ ಕುದುರೆಯನ್ನು ಗೂಟಕ್ಕೆ ಕಟ್ಟಿದ್ದಾರೆ. ಚೀನೀ ಕುದುರೆ ಚಿತ್ರಗಳನ್ನು ನೋಡಲು ಕಲಿಯುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ಕುದುರೆಯನ್ನು ನೋಡಿದ ಮೇಲೆ ಹಗ್ಗವನ್ನು ಹುಡುಕಿ. ಅದು ಯಾರ ಕೈಯಲ್ಲಿದೆ, ಬಿಗಿಯಾಗಿದೆಯೇ, ಸಡಿಲವಾಗಿದೆಯೇ, ಇಲ್ಲವೇ ಇಲ್ಲವೇ ಎಂದು ಗಮನಿಸಿ. ಚಿತ್ರ ಹೇಳಹೊರಟ ಸಂಗತಿ ಬಹಳ ಸಲ ಅಲ್ಲೇ ಇರುತ್ತದೆ.

ಕಾರಣ ತಿಳಿಯಬೇಕಾದರೆ ಚಿತ್ರಕಲೆಗಿಂತ ಹಿಂದಕ್ಕೆ ಹೋಗಬೇಕು. ಚೀನಾದ ಬೇಸಾಯದ ನೆಲದಲ್ಲಿ ಒಳ್ಳೆಯ ಕುದುರೆ ಹುಟ್ಟುವುದು ಕಡಿಮೆ. ಅದು ಉತ್ತರ ಮತ್ತು ಪಶ್ಚಿಮದ ಹುಲ್ಲುಗಾವಲಿನ ಪ್ರಾಣಿ. ಆ ಹುಲ್ಲುಗಾವಲಿನ ಜನರೇ ಚೀನೀ ಸಾಮ್ರಾಜ್ಯಗಳಿಗೆ ದೊಡ್ಡ ಶತ್ರುಗಳೂ ಆಗಿದ್ದರು. ಹಾನ್ ವಂಶದ ಚಕ್ರವರ್ತಿ ವು ಮಧ್ಯ ಏಷ್ಯಾದ ಫರ್ಗಾನಾ ಕಣಿವೆಯ ‘ಸ್ವರ್ಗದ ಕುದುರೆ’ಗಳಿಗಾಗಿ ಕ್ರಿ.ಪೂ. 104ರಿಂದ 101ರವರೆಗೆ ಯುದ್ಧವನ್ನೇ ಮಾಡಿಸಿದ. ಆ ಕುದುರೆಗಳು ರಕ್ತವನ್ನೇ ಬೆವರುತ್ತವೆ ಎಂಬ ನಂಬಿಕೆಯಿತ್ತು. ಆ ಕಾಲದ ಇತಿಹಾಸಕಾರ ಸಿಮಾ ಚಿಯೆನ್‌ನ ಗ್ರಂಥದ ಪ್ರಕಾರ ಕೊನೆಗೆ ಸಿಕ್ಕಿದ್ದು ಹತ್ತಾರು ಉತ್ತಮ ಕುದುರೆಗಳು ಮತ್ತು ಮಧ್ಯಮ ದರ್ಜೆಯ ಮೂರು ಸಾವಿರಕ್ಕೂ ಹೆಚ್ಚು ಕುದುರೆಗಳು. ಎರಡನೆಯ ದಂಡಯಾತ್ರೆಗೆ ಹೊರಟ ಅರವತ್ತು ಸಾವಿರ ಸೈನಿಕರಲ್ಲಿ ಗಡಿಯೊಳಗೆ ಮರಳಿದವರು ಹತ್ತು ಸಾವಿರದ ಆಸುಪಾಸು. ವಿಜಯನಗರದ ಅರಸರು ಕಡಲಾಚೆಯ ಕುದುರೆಗಳಿಗೆ ಹಣ ಸುರಿದ ಕಥೆ ಗೊತ್ತಿರುವ ನಮಗೆ ಈ ಹಂಬಲ ಅರ್ಥವಾಗದ್ದೇನಲ್ಲ. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಸಾಲಾಗಿ ನಡೆಯುವ ಕುದುರೆಗಳ ಹಿಂದೆಯೂ ಇಂಥದೇ ಕೊರತೆಯ ಇತಿಹಾಸವಿದೆ.

ಹೀಗೆ ದುಬಾರಿಯಾದ ಪ್ರಾಣಿಯನ್ನು ಆರಿಸುವುದೇ ಒಂದು ವಿದ್ಯೆಯಾಯಿತು. ಬೋ ಲೆ ಎಂಬ ಅಶ್ವಪರೀಕ್ಷಕನ ಹೆಸರು ಚೀನೀ ಸಾಹಿತ್ಯದ ತುಂಬ ಬರುತ್ತದೆ. ದಿನಕ್ಕೆ ಸಾವಿರ ‘ಲೀ’ ದೂರ ಓಡಬಲ್ಲ ಕುದುರೆಯನ್ನು ನೋಡಿದ ಕೂಡಲೇ ಗುರುತಿಸುವವನು ಅವನು. ತಾಂಗ್ ವಂಶದ ಕಾಲದ (ಕ್ರಿ.ಶ. 618–907) ಗದ್ಯಕಾರ ಹಾನ್ ಯು ಬರೆದ ಪುಟ್ಟ ಪ್ರಬಂಧದ ವಾದ ಹೀಗಿದೆ: ಅಂಥ ಕುದುರೆಗಳು ಲೋಕದಲ್ಲಿ ಯಾವಾಗಲೂ ಇರುತ್ತವೆ, ಬೋ ಲೆಯಂಥವರು ಯಾವಾಗಲೂ ಇರುವುದಿಲ್ಲ, ಗುರುತಿಸುವವನಿಲ್ಲದೆ ಶ್ರೇಷ್ಠ ಕುದುರೆಯೂ ಲಾಯದ ಆಳುಗಳ ಕೈಯಲ್ಲಿ ಸಿಕ್ಕಿ ಸಾಧಾರಣ ಕುದುರೆಗಳ ನಡುವೆ ಸಾಯುತ್ತದೆ. ಇದು ಕುದುರೆಯ ಬಗೆಗಿನ ಪ್ರಬಂಧವಲ್ಲ ಎಂಬುದು ಅಂದಿನ ಓದುಗರಿಗೆಲ್ಲ ಗೊತ್ತಿತ್ತು. ಓದಿ, ಪರೀಕ್ಷೆ ಬರೆದು, ಅರಸನ ಸೇವೆಗೆ ಕಾದು ಕುಳಿತ ವಿದ್ವಾಂಸನೇ ಆ ಕುದುರೆ. ಹಗ್ಗ ಹಿಡಿದವನು ಅರಸ, ಇಲ್ಲವೇ ಅರಸನ ಪರವಾಗಿ ಯೋಗ್ಯರನ್ನು ಆರಿಸುವ ಅಧಿಕಾರಿ. ನಿಮ್ಮ ಎರಡನೆಯ ಪ್ರಶ್ನೆಗೆ ಚಿಕ್ಕ ಉತ್ತರ ಬೇಕಿದ್ದರೆ ಅದು ಇಲ್ಲೇ ಇದೆ: ಪ್ರತಿಭೆಗೂ ಅಧಿಕಾರಕ್ಕೂ ಇರುವ ಸಂಬಂಧದ ಬಗ್ಗೆ ನೇರವಾಗಿ ಮಾತನಾಡುವುದು ಅಪಾಯವಾಗಿದ್ದ ಕಾಲದಲ್ಲಿ ಕುದುರೆಯ ಮೂಲಕ ಮಾತನಾಡಬಹುದಿತ್ತು.

ಈಗ ಹಾನ್ ಗಾನ್‌ನ ಕಡೆಗೆ ಬರೋಣ. ಅವನು ಚಕ್ರವರ್ತಿ ಷುವಾನ್‌ಜೊಂಗ್‌ನ ಆಸ್ಥಾನದ ಚಿತ್ರಕಾರ. ಆ ಅರಸನ ಲಾಯಗಳಲ್ಲಿ ನಾಲ್ಕು ಲಕ್ಷ ಕುದುರೆಗಳಿದ್ದವೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಆಸ್ಥಾನದ ಹಿರಿಯ ಚಿತ್ರಕಾರನೊಬ್ಬನ ಬಳಿ ಕಲಿಯುವಂತೆ ಅರಸ ಹೇಳಿದಾಗ, ನಿಮ್ಮ ಲಾಯದ ಕುದುರೆಗಳೇ ನನ್ನ ಗುರುಗಳು ಎಂದು ಹಾನ್ ಗಾನ್ ಉತ್ತರಿಸಿದನಂತೆ. ಚಿತ್ರ ನೋಡಿದರೆ ಈ ಕಥೆಯನ್ನು ನಂಬಬೇಕೆನ್ನಿಸುತ್ತದೆ. ಕತ್ತು ಹಿಂದಕ್ಕೆ ಸೆಳೆದಿದೆ, ಕೇಸರದ ಕೂದಲು ನೆಟ್ಟಗೆ ನಿಂತಿದೆ, ಮೂಗಿನ ಹೊಳ್ಳೆ ಅರಳಿದೆ, ಬಾಯಿ ತೆರೆದಿದೆ, ಗೊರಸು ನೆಲ ಬಿಟ್ಟಿದೆ. ಕಣ್ಣು ಹೊರಳಿ ನಮ್ಮ ಕಡೆಗೇ ನೋಡುತ್ತಿದೆ. ಇಡೀ ಮೈಯ ಅಂಚನ್ನು ದಪ್ಪ ಬದಲಾಗದ ತೆಳುಗೆರೆ ಕಟ್ಟಿಕೊಡುತ್ತದೆ. ಒಳಗೆ ಅಲ್ಲಲ್ಲಿ ತಿಳಿಮಸಿಯ ಛಾಯೆಯಿಂದ ಮಾಂಸಖಂಡದ ಉಬ್ಬು ಬಂದಿದೆ. ಮಸಿ ಕಾಗದಕ್ಕೆ ಇಳಿದರೆ ಅಳಿಸಲು ಬರುವುದಿಲ್ಲ. ಎದೆಯಿಂದ ಹೊಟ್ಟೆಗೆ ಹೋಗುವ ಆ ಗೆರೆ ಒಂದೇ ಉಸಿರಿನಲ್ಲಿ ಬಂದದ್ದು. ಎಲ್ಲಿಯೂ ಅನುಮಾನದಿಂದ ನಿಂತಿಲ್ಲ.

ಮೈ ದಪ್ಪವೆಂಬ ನಿಮ್ಮ ಆಕ್ಷೇಪಕ್ಕೆ ಬಹಳ ದೊಡ್ಡ ಜೊತೆಗಾರನೊಬ್ಬನಿದ್ದಾನೆ. ಕವಿ ದು ಫು ಅದೇ ಕಾಲದವನು. ಹಾನ್ ಗಾನ್‌ನ ಗುರುವೆನಿಸಿದ ಸೇನಾನಿ ಚಿತ್ರಕಾರ ಚಾವ್ ಬಾನನ್ನು ಹೊಗಳುವ ಕವಿತೆಯಲ್ಲಿ, ಶಿಷ್ಯನು ಮಾಂಸವನ್ನು ಬರೆದನೇ ಹೊರತು ಎಲುಬನ್ನಲ್ಲ ಎಂದು ಅವನು ಟೀಕಿಸಿದ. ಮುಂದಿನ ಶತಮಾನದಲ್ಲಿ, 847ರಲ್ಲಿ ಚಿತ್ರಕಲೆಯ ಇತಿಹಾಸ ಬರೆದ ಜಾಂಗ್ ಯೆನ್‌ಯುವಾನ್ ಈ ಮಾತನ್ನು ಒಪ್ಪಲಿಲ್ಲ. ದು ಫುಗೆ ಚಿತ್ರಕಲೆ ತಿಳಿಯದು ಎಂಬಂತೆ ಉತ್ತರ ಕೊಟ್ಟ. ನಾನು ಜಾಂಗ್‌ನ ಪಕ್ಷ. ಧಾನ್ಯ ತಿಂದು ಬೆಳೆದ ಅರಮನೆಯ ಕುದುರೆ ದಪ್ಪಗೇ ಇರುತ್ತದೆ, ಮತ್ತು ತಾಂಗ್ ಕಾಲದ ಅಭಿರುಚಿಗೆ ತುಂಬಿದ ಮೈ ಎಂದರೆ ಸಮೃದ್ಧಿ. ಆ ಕಾಲದ ಚಿತ್ರಗಳಲ್ಲಿ, ಮಣ್ಣಿನ ಬೊಂಬೆಗಳಲ್ಲಿ ಹೆಂಗಸರೂ ಹಾಗೆಯೇ ಇದ್ದಾರೆ. ಅದಕ್ಕಿಂತ ಮುಖ್ಯವಾದದ್ದು ಗೂಟ. ಅಷ್ಟು ತುಂಬಿದ ಮೈ, ಅಷ್ಟು ಸಣ್ಣ ಕಾಲು ಸೇರಿ ಆ ಪ್ರಾಣಿಯೊಳಗಿನ ಬಲ ಹೊರಬರಲು ದಾರಿಯಿಲ್ಲದೆ ಕುದಿಯುವಂತೆ ಕಾಣುತ್ತದೆ. ಹಿನ್ನೆಲೆ ಇದ್ದಿದ್ದರೆ ಕಣ್ಣು ಬೇರೆ ಕಡೆ ಹರಿದು ಆ ಸೆಳೆತ ಸಡಿಲವಾಗುತ್ತಿತ್ತು. ಕುದುರೆ, ಗೂಟ ಮತ್ತು ಅವೆರಡರ ನಡುವಿನ ಜಗ್ಗಾಟವಷ್ಟೇ ಉಳಿಯಲೆಂದು ಉಳಿದದ್ದೆಲ್ಲ ಖಾಲಿಯಾಗಿದೆ.

ಕೆಂಪು ಮುದ್ರೆಗಳು ಆ ಚಿತ್ರವನ್ನು ಇಟ್ಟುಕೊಂಡಿದ್ದವರ, ನೋಡಿ ಮೆಚ್ಚಿದವರ ಗುರುತುಗಳು. ದಕ್ಷಿಣ ತಾಂಗ್ ರಾಜ್ಯದ ಕೊನೆಯ ಅರಸ, ಕವಿ ಲಿ ಯುನದೆಂದು ಹೇಳುವ ಬರಹ ಅದರಲ್ಲಿದೆ. ಹದಿನೆಂಟನೆಯ ಶತಮಾನದ ಚಕ್ರವರ್ತಿ ಚಿಯೆನ್‌ಲೊಂಗ್‌ನ ಮುದ್ರೆಗಳಿವೆ. ನೋಡಿದವರೆಲ್ಲ ಬರೆದ ಟಿಪ್ಪಣಿಗಳ ಕಾಗದವನ್ನು ಅಂಟಿಸುತ್ತ ಹೋಗಿ, ಒಂದಡಿ ಅಗಲದ ಚಿತ್ರ ಇಂದು ಹನ್ನೊಂದು ಮೀಟರಿಗೂ ಉದ್ದದ ಸುರುಳಿಯಾಗಿದೆ. ಇದನ್ನು ಚಿತ್ರ ಕೆಡಿಸಿದ್ದು ಎಂದು ತಿಳಿಯಬೇಡಿ. ಕಾವ್ಯದ ಜೊತೆಗೆ ವ್ಯಾಖ್ಯಾನವೂ ಸೇರಿ ಓದುಗರಿಗೆ ತಲಪುವ ಪರಂಪರೆ ನಮಗೆ ಪರಿಚಿತವೇ.

ಷುವಾನ್‌ಜೊಂಗ್‌ನ ಕುದುರೆಗಳ ಕಥೆಗೆ ದುಃಖದ ಕೊನೆಯಿದೆ. ತನ್ನ ಹುಟ್ಟುಹಬ್ಬಕ್ಕೆ ಸಂಗೀತಕ್ಕೆ ತಕ್ಕಂತೆ ಕುಣಿದು, ಬಾಯಲ್ಲಿ ಮದ್ಯದ ಬಟ್ಟಲು ಕಚ್ಚಿ ಬಾಗುವ ಕುದುರೆಗಳನ್ನು ಅವನು ತಯಾರು ಮಾಡಿಸಿದ್ದ. 1970ರಲ್ಲಿ ಷಿಆನ್ ನಗರದ ಹೆಜಿಯಾಚುನ್‌ನಲ್ಲಿ ಸಿಕ್ಕ ನಿಧಿಯೊಳಗಿನ ಬೆಳ್ಳಿಯ ಹೂಜಿಯೊಂದರ ಮೇಲೆ ಅಂಥ ಕುದುರೆ ಬಟ್ಟಲು ಕಚ್ಚಿ ಕುಳಿತಿದೆ. 755ರಲ್ಲಿ ಸೇನಾನಿ ಆನ್ ಲುಶಾನ್‌ನ ದಂಗೆ ಎದ್ದು, ಮರುವರ್ಷ ಅರಸ ರಾಜಧಾನಿ ಬಿಟ್ಟು ಓಡಿದ. ಕುಣಿಯುವ ಕುದುರೆಗಳಲ್ಲಿ ಕೆಲವು ಕೊನೆಗೆ ಒಬ್ಬ ಸೇನಾಪತಿಯ ಪಾಲಾದವು. ಒಂದು ದಿನ ದಂಡಿನಲ್ಲಿ ವಾದ್ಯ ನುಡಿಸಿದಾಗ ಅವು ತಾವಾಗಿಯೇ ಕುಣಿಯತೊಡಗಿದವು. ದೆವ್ವ ಹಿಡಿದಿದೆಯೆಂದು ಆಳುಗಳು ಹೊಡೆದರು. ಕುಣಿತ ಸರಿಯಿಲ್ಲವೆಂದು ಹೊಡೆಯುತ್ತಿದ್ದಾರೆಂದುಕೊಂಡು ಅವು ಇನ್ನೂ ಚೆನ್ನಾಗಿ ಕುಣಿದು ಸತ್ತವು ಎಂದು ತಾಂಗ್ ಕಾಲದ ಬರಹ ಹೇಳುತ್ತದೆ. ಹಾನ್ ಯು ಹೇಳಿದ ಸಂಗತಿ ಪ್ರಬಂಧವಾಗುವ ಮೊದಲೇ ನಡೆದುಹೋಗಿತ್ತು.

ಸೊಂಗ್ ವಂಶದ ಕಾಲಕ್ಕೆ (ಕ್ರಿ.ಶ. 960–1279) ಬಂದರೆ ಉತ್ತರದ ಹುಲ್ಲುಗಾವಲುಗಳು ಚೀನಾದ ಕೈಬಿಟ್ಟಿದ್ದವು. ಚಹಾ ಕೊಟ್ಟು ಕುದುರೆ ಪಡೆಯುವ ವ್ಯಾಪಾರಕ್ಕೆಂದೇ ಸರ್ಕಾರಿ ಕಚೇರಿಯಿತ್ತು. ಈ ಕಾಲದ ಮಹಾ ಚಿತ್ರಕಾರ ಲಿ ಗೊಂಗ್‌ಲಿನ್. ಅವನ ‘ಐದು ಕುದುರೆಗಳು’ ಸುರುಳಿಯಲ್ಲಿ ಪ್ರತಿ ಕುದುರೆಯ ಪಕ್ಕ ಅದರ ದಾಖಲೆಯಿದೆ. ಮೊದಲನೆಯದು 1086ರಲ್ಲಿ ಖೋತಾನ್ ರಾಜ್ಯ ಕಳಿಸಿದ ಕಾಣಿಕೆ. ವಯಸ್ಸು ಎಂಟು ವರ್ಷ, ಎತ್ತರ ಐದು ಚೀನೀ ಅಡಿ ನಾಲ್ಕು ಅಂಗುಲ. ಕುದುರೆಯನ್ನು ನಡೆಸುವ ಆಳುಗಳನ್ನೂ ಚಿತ್ರಕಾರ ಅಷ್ಟೇ ಶ್ರದ್ಧೆಯಿಂದ ಬರೆದಿದ್ದಾನೆ: ಕೆಲವರ ಮುಖ ಮಧ್ಯ ಏಷ್ಯಾದ್ದು, ಕೆಲವರದು ಚೀನಾದ್ದು, ಒಬ್ಬೊಬ್ಬರ ನಡಿಗೆಯೂ ಬೇರೆ. ಹಗ್ಗ ಇಲ್ಲಿ ಸಡಿಲವಾಗಿ ಇಳಿಬಿದ್ದಿದೆ. ಕುದುರೆಗೂ ಆಳಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿದೆ. ಇವುಗಳಲ್ಲೊಂದು ಕುದುರೆ ಚಿತ್ರ ಮುಗಿದ ಕೂಡಲೇ ಸತ್ತಿತಂತೆ. ಅದರ ಪ್ರಾಣವನ್ನು ಕುಂಚವೇ ಸೆಳೆದುಕೊಂಡಿತೆಂದು ಸುರುಳಿಯ ಟಿಪ್ಪಣಿಯೊಂದರಲ್ಲಿದೆ. ಹೀಗೆ ಸದಾ ಕುದುರೆಯ ಧ್ಯಾನದಲ್ಲಿದ್ದರೆ ಮುಂದಿನ ಜನ್ಮದಲ್ಲಿ ಕುದುರೆಯಾಗಿ ಹುಟ್ಟುವೆ ಎಂದು ಬೌದ್ಧ ಭಿಕ್ಷುವೊಬ್ಬ ಎಚ್ಚರಿಸಿದ ಮೇಲೆ ಲಿ ಗೊಂಗ್‌ಲಿನ್ ಬುದ್ಧ ಬೋಧಿಸತ್ವರ ಚಿತ್ರಗಳತ್ತ ತಿರುಗಿದನೆಂಬ ಕಥೆಯೂ ಇದೆ.

ಈ ಸುರುಳಿ ಎರಡನೆಯ ಮಹಾಯುದ್ಧದ ನಂತರ ಕಣ್ಮರೆಯಾಗಿತ್ತು. ವಿದ್ವಾಂಸರು ಹಳೆಯ ಕಪ್ಪುಬಿಳುಪು ಪ್ರತಿಗಳನ್ನೇ ನೋಡಿ, ಬರಿಗೆರೆಯ ಚಿತ್ರಕ್ಕೆ ಇದೇ ಮಾದರಿಯೆಂದು ದಶಕಗಳ ಕಾಲ ಬರೆದರು. 2019ರಲ್ಲಿ ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಅದು ಮತ್ತೆ ಕಾಣಿಸಿಕೊಂಡಾಗ, ಗೆರೆಗಳ ಒಳಗೆ ತೆಳುವಾದ ಬಣ್ಣವಿರುವುದು ಎಲ್ಲರಿಗೂ ತಿಳಿಯಿತು. ಮೂಲವನ್ನೇ ನೋಡಬೇಕು ಎಂದು ನಮ್ಮಂಥವರು ಹಟ ಹಿಡಿಯುವುದಕ್ಕೆ ಇಷ್ಟು ಕಾರಣ ಸಾಕು.

ಮಂಗೋಲರು ಚೀನಾವನ್ನು ಪೂರ್ತಿಯಾಗಿ ಗೆದ್ದದ್ದು 1279ರಲ್ಲಿ. ಕುದುರೆಯ ಮೇಲೆಯೇ ಸಾಮ್ರಾಜ್ಯ ಕಟ್ಟಿದವರು ಈಗ ಅರಸರು. ಸೊಂಗ್ ಅರಸರಿಗೆ ನಿಷ್ಠರಾಗಿದ್ದ ವಿದ್ವಾಂಸರ ಮುಂದೆ ಎರಡೇ ದಾರಿ: ಹೊಸ ಅರಸರ ಸೇವೆಗೆ ಸೇರುವುದು, ಇಲ್ಲವೇ ಬಡತನದಲ್ಲಿ ದೂರ ಉಳಿಯುವುದು. ಚೀನೀ ಕುದುರೆ ಚಿತ್ರ ತನ್ನ ಎತ್ತರ ಮುಟ್ಟಿದ್ದು ಈ ಸಂಕಟದಲ್ಲಿ ಎಂಬುದು ನನ್ನ ನಂಬಿಕೆ.

ಜಾವ್ ಮೆಂಗ್‌ಫು ಮೊದಲ ದಾರಿ ಹಿಡಿದವನು. ಸೊಂಗ್ ರಾಜವಂಶದಲ್ಲಿಯೇ ಹುಟ್ಟಿದವನಾದರೂ 1286ರಲ್ಲಿ ಕುಬ್ಲಾಯ್ ಖಾನನ ಆಸ್ಥಾನಕ್ಕೆ ಸೇರಿದ. ಅದಕ್ಕಾಗಿ ಶತಮಾನಗಳ ಕಾಲ ನಿಂದೆ ಹೊತ್ತ. 1296ರಲ್ಲಿ ಅವನು ಬರೆದ ಚಿತ್ರದಲ್ಲಿ ಒಬ್ಬ ಆಳು, ಒಂದು ಕುದುರೆ, ಅಷ್ಟೇ. ಆಳು ಹಗ್ಗ ಹಿಡಿದು ನೇರವಾಗಿ ನಮ್ಮತ್ತ ನೋಡುತ್ತಾನೆ. ಕುದುರೆಯನ್ನು ಪರೀಕ್ಷಿಸಬೇಕಾದವನ ನೋಟ ನೋಡುಗನನ್ನೇ ಪರೀಕ್ಷಿಸುತ್ತದೆ. ಒಬ್ಬ ಸರ್ಕಾರಿ ಅಧಿಕಾರಿಗಾಗಿ ಬರೆದ ಚಿತ್ರ ಇದು. ಯೋಗ್ಯರನ್ನು ಆರಿಸುವ ಹೊಣೆ ನಿನ್ನದು ಎಂಬ ವಿನಯದ ನೆನಪೋಲೆಯೆಂದು ಇದನ್ನು ಓದಬಹುದು. 1359ರಲ್ಲಿ ಅವನ ಮಗ ಜಾವ್ ಯೊಂಗ್, ಮೊಮ್ಮಗ ಜಾವ್ ಲಿನ್ ಇದೇ ಮಾದರಿಯಲ್ಲಿ ಒಂದೊಂದು ಕುದುರೆ, ಒಬ್ಬೊಬ್ಬ ಆಳನ್ನು ಬರೆದು ಸೇರಿಸಿದರು. ಮೂರು ತಲೆಮಾರು ಒಂದೇ ಸುರುಳಿಯಲ್ಲಿದೆ, ಅದೂ ಮೆಟ್ರೊಪಾಲಿಟನ್‌ನಲ್ಲಿಯೇ.

ಎರಡನೆಯ ದಾರಿ ಹಿಡಿದವನು ಗೊಂಗ್ ಕಾಯ್. ಸೊಂಗ್ ಸರ್ಕಾರದಲ್ಲಿ ಸಣ್ಣ ಹುದ್ದೆಯಲ್ಲಿದ್ದವನು. ಹೊಸ ಅರಸರ ಕೆಲಸಕ್ಕೆ ಹೋಗಲಿಲ್ಲ. ಮನೆಯಲ್ಲಿ ಮೇಜೂ ಇರಲಿಲ್ಲ, ಮಗ ಬಗ್ಗಿ ನಿಂತರೆ ಅವನ ಬೆನ್ನ ಮೇಲೆ ಕಾಗದ ಹಾಸಿ ಚಿತ್ರ ಬರೆಯುತ್ತಿದ್ದನೆಂದು ಹೇಳುತ್ತಾರೆ. ಅವನ ಕುದುರೆ ಈಗ ಜಪಾನಿನ ಒಸಾಕಾ ನಗರ ಕಲಾ ಸಂಗ್ರಹಾಲಯದಲ್ಲಿದೆ. ತಲೆ ತಗ್ಗಿಸಿ ನಿಂತ ಬಡಕಲು ಪ್ರಾಣಿ. ಕೇಸರ ಗಾಳಿಗೆ ಹಾರುತ್ತಿದೆ, ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಎಣಿಸಿದರೆ ಹದಿನೈದು. ಕುದುರೆಗೆ ಹದಿನೆಂಟು ಜೊತೆ ಪಕ್ಕೆಲುಬುಗಳಿವೆ ಎಂದು ಪಶುವೈದ್ಯರು ಹೇಳುತ್ತಾರೆ; ಆದರೆ ಅವನು ಎಣಿಸುತ್ತಿರುವುದು ಹಳೆಯ ಅಶ್ವಶಾಸ್ತ್ರದ ಲೆಕ್ಕ. ಸಾಧಾರಣ ಕುದುರೆಗೆ ಹತ್ತು, ಸಾವಿರ ಲೀ ಓಡುವ ಕುದುರೆಗೆ ಹದಿನೈದು ಎಂದು ಅದು ಹೇಳುತ್ತದೆ. ಮೈ ತುಂಬಿದ್ದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಕೃಶವಾದಾಗಷ್ಟೇ ಕಾಣುತ್ತದೆ ಎಂದು ಗೊಂಗ್ ಕಾಯ್ ಚಿತ್ರದ ಜೊತೆಗಿನ ಬರಹದಲ್ಲಿ ವಿವರಿಸಿದ್ದಾನೆ. ಇದರ ಜೊತೆಗೊಂದು ಪುರಾತನ ಕಥೆಯೂ ಸೇರಬೇಕು. ಅರಸನೊಬ್ಬ ಶ್ರೇಷ್ಠ ಕುದುರೆಗೆ ಸಾವಿರ ಚಿನ್ನದ ನಾಣ್ಯ ಕೊಡುತ್ತೇನೆಂದರೂ ಸಿಗಲಿಲ್ಲ. ಸೇವಕ ಹೋಗಿ, ಸತ್ತಿದ್ದ ಶ್ರೇಷ್ಠ ಕುದುರೆಯ ಎಲುಬನ್ನೇ ಐನೂರಕ್ಕೆ ಕೊಂಡು ತಂದ. ಎಲುಬಿಗೇ ಇಷ್ಟು ಬೆಲೆ ಕೊಡುವವನೆಂದು ಸುದ್ದಿ ಹರಡಿ, ವರ್ಷ ಕಳೆಯುವುದರೊಳಗೆ ಅಂಥ ಮೂರು ಕುದುರೆಗಳು ಅರಸನಲ್ಲಿಗೆ ಬಂದವು. ಗೊಂಗ್ ಕಾಯ್ ತನ್ನ ಕವಿತೆಯಲ್ಲಿ ಈ ಎಲುಬುಗಳಿಗೆ ಇಂದು ಮರುಗುವವರು ಯಾರು ಎಂದು ಕೇಳುತ್ತಾನೆ. ಚಿತ್ರದಲ್ಲಿ ಹಗ್ಗವಿಲ್ಲ, ಲಗಾಮಿಲ್ಲ, ಗೂಟವಿಲ್ಲ, ಆಳೂ ಇಲ್ಲ. ಬಿಡುಗಡೆಯ ಚಿತ್ರವೂ ಅಲ್ಲ ಇದು. ಹಿಡಿಯಬೇಕಾದ ಕೈಯೇ ಈ ಲೋಕದಲ್ಲಿ ಉಳಿದಿಲ್ಲ. ಮಾಂಸ ಹೆಚ್ಚು, ಎಲುಬು ಕಡಿಮೆ ಎಂದ ದು ಫು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ. ಚೀನಾದ ಒಂದೇ ಕುದುರೆ ಚಿತ್ರ ಆರಿಸಿಕೊಳ್ಳಿ ಎಂದರೆ ನಾನು ಆರಿಸುವುದು ಇದನ್ನೇ.

ಅದೇ ಕಾಲದ ರೆನ್ ರೆನ್‌ಫಾ ನೀರಾವರಿ ಎಂಜಿನಿಯರ್ ಆಗಿದ್ದ ಅಧಿಕಾರಿ. ಬೀಜಿಂಗಿನ ಅರಮನೆ ಸಂಗ್ರಹಾಲಯದಲ್ಲಿರುವ ಅವನ ‘ಎರಡು ಕುದುರೆಗಳು’ ಚಿತ್ರದಲ್ಲಿ ಕೊಬ್ಬಿದ ಕುದುರೆ ಹೆಮ್ಮೆಯಿಂದ ಹೆಜ್ಜೆಯಿಡುತ್ತಿದೆ, ಅದರ ಹಗ್ಗ ಸಡಿಲಗೊಂಡಿದೆ. ಬಡಕಲು ಕುದುರೆ ತಲೆ ತಗ್ಗಿಸಿ ನಡೆಯುತ್ತಿದೆ, ಅದರ ಹಗ್ಗ ಕತ್ತಿನ ಮೇಲೆಯೇ ಇದೆ. ಅರ್ಥವನ್ನು ಅವನೇ ಬರೆದಿಟ್ಟಿದ್ದಾನೆ: ತಾನು ಸೊರಗಿ ನಾಡನ್ನು ಕೊಬ್ಬಿಸುವ ಅಧಿಕಾರಿ ಒಂದು, ಜನರನ್ನು ಸೊರಗಿಸಿ ತಾನು ಕೊಬ್ಬುವ ಅಧಿಕಾರಿ ಇನ್ನೊಂದು.

ಮುಂದಿನ ಶತಮಾನಗಳನ್ನು ಬೇಗ ದಾಟುತ್ತೇನೆ. ಚಿಂಗ್ ವಂಶದ ಆಸ್ಥಾನದಲ್ಲಿ, ಜೆಸ್ಯೂಟ್ ಎಂಬ ಕ್ರೈಸ್ತ ಸಂಘಕ್ಕೆ ಸೇರಿದ ಇಟಲಿಯ ಚಿತ್ರಕಾರ ಕಸ್ತಿಲ್ಯೋನೆ 1728ರಲ್ಲಿ ‘ನೂರು ಕುದುರೆಗಳು’ ಸುರುಳಿಯನ್ನು ಮುಗಿಸಿದ. ಸುಮಾರು ಎಂಟು ಮೀಟರ್ ಉದ್ದದ ರೇಷ್ಮೆ, ಯುರೋಪಿನ ನೆರಳು ಬೆಳಕು, ಚೀನಾದ ಬಣ್ಣ. ತೈಪೆಯಲ್ಲಿರುವ ಆ ಚಿತ್ರದ ಕೌಶಲಕ್ಕೆ ಬೆರಗಾಗುತ್ತೇನೆ, ಆದರೆ ಅದರ ಮುಂದೆ ಬಹಳ ಹೊತ್ತು ನಿಲ್ಲಬೇಕೆನ್ನಿಸುವುದಿಲ್ಲ. ಅಲ್ಲಿ ಕುದುರೆಗಳು ಅರಸನ ಆಸ್ತಿ. ಅವುಗಳ ಮನಸ್ಸಿನಲ್ಲೇನಿದೆ ಎಂದು ಆ ಕುಂಚ ಕೇಳುವುದಿಲ್ಲ.

ನಿಮ್ಮ ಮೂರನೆಯ ಪ್ರಶ್ನೆ, ಮಸಿಯಲ್ಲಿ ಓಡುವ ಕುದುರೆಗಳದು. ಆ ಶೈಲಿಯ ಅಗ್ಗದ ಪ್ರತಿಗಳ ಹಿಂದೆ ಹೆಚ್ಚಾಗಿ ಇರುವವರು ಷು ಬೇಹೊಂಗ್. 1895ರಲ್ಲಿ ಹುಟ್ಟಿ, 1919ರಲ್ಲಿ ಪ್ಯಾರಿಸ್ಸಿಗೆ ಹೋಗಿ ದೇಹರಚನೆಯನ್ನು ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತವರು. ಅವರ ಕುದುರೆಯ ಕೀಲು, ಸ್ನಾಯು ಎಲ್ಲವೂ ಲೆಕ್ಕಕ್ಕೆ ಸರಿ. ಆದರೆ ಕೇಸರ ಮತ್ತು ಬಾಲ ಅಗಲ ಕುಂಚದ ಒಂದೆರಡು ಒಣ ಎಳೆತಗಳಲ್ಲಿ ಬಂದುಬಿಡುತ್ತವೆ. ಟಾಗೋರರ ಆಹ್ವಾನದ ಮೇಲೆ 1939ರ ಕೊನೆಯಲ್ಲಿ ಶಾಂತಿನಿಕೇತನಕ್ಕೆ ಬಂದು ಕಲಿಸಿದರು, 1940ರಲ್ಲಿ ಗಾಂಧೀಜಿಯನ್ನು ಕಂಡರು. ಅದು ಚೀನಾದ ಮೇಲೆ ಜಪಾನ್ ದಾಳಿ ನಡೆಸುತ್ತಿದ್ದ ಕಾಲ. ಚಿತ್ರಪ್ರದರ್ಶನಗಳಿಂದ ಬಂದ ಹಣವನ್ನು ಅವರು ಯುದ್ಧಸಂತ್ರಸ್ತರಿಗೆ ಕಳಿಸುತ್ತಿದ್ದರು. ಓಡುವ ಕುದುರೆ ಅವರ ಕೈಯಲ್ಲಿ ಎದ್ದುನಿಲ್ಲುವ ದೇಶವಾಯಿತು. ಅವರ ಕುದುರೆಗಳಿಗೆ ಜೀನು, ಲಗಾಮು ಇರುವುದಿಲ್ಲ. ಪ್ರಸಿದ್ಧವಾದ ಒಂದು ಅಪವಾದ ಮಾತ್ರ ಇದೆ: 1931ರ ‘ಜಿಯುಫಾಂಗ್ ಗಾವ್’. ಬೋ ಲೆಯೇ ಹೊಗಳಿದ ಅಶ್ವಪರೀಕ್ಷಕ ಈತ. ಬಣ್ಣವನ್ನೂ ಗಂಡು ಹೆಣ್ಣನ್ನೂ ತಪ್ಪಾಗಿ ಹೇಳಿದರೂ ಕುದುರೆಯ ಒಳಗಿನ ಸತ್ವವನ್ನು ಸರಿಯಾಗಿ ಕಂಡವನು. ಅವನ ಮುಂದೆ ನಿಂತ ಕಪ್ಪು ಕುದುರೆಗೆ ಷು ಬೇಹೊಂಗ್ ಲಗಾಮು ಹಾಕಿದ್ದಾರೆ. ತನ್ನನ್ನು ಅರಿತವನಿಗೆ ಕುದುರೆ ತಾನಾಗಿ ಒಪ್ಪಿಕೊಳ್ಳುತ್ತದೆ, ಅರಿಯದವನ ಅಂಕೆಗೆ ಒಳಗಾಗಲು ಬಯಸುವುದಿಲ್ಲ ಎಂಬರ್ಥದ ವಿವರಣೆಯನ್ನು ಅವರು ಕೊಟ್ಟಿದ್ದರು.

ಗೋಡೆಯ ಮೇಲಿನ ಪ್ರತಿಗಳನ್ನು ಅದೃಷ್ಟಕ್ಕೆಂದು ಮಾರುತ್ತಾರೆ. ಚೀನಾದಲ್ಲಿ ಎಂಟು ಕುದುರೆಗಳ ಚಿತ್ರಕ್ಕೆ ಜೋವು ವಂಶದ ಅರಸ ಮು ತನ್ನ ಎಂಟು ಕುದುರೆಗಳೊಂದಿಗೆ ಪಶ್ಚಿಮಕ್ಕೆ ಹೋದ ಪುರಾಣದ ಆಧಾರವಿದೆ. ನಮ್ಮಲ್ಲಿ ಏಳು ಕುದುರೆಗಳ ಚಿತ್ರ ಜನಪ್ರಿಯವಾದದ್ದು ಸೂರ್ಯನ ರಥದ ನೆನಪಿನಿಂದ ಮತ್ತು ವಾಸ್ತುವಿನ ಹೆಸರಿನಿಂದ. ಅವು ಬೇರೆ ಬೇರೆ ಮೂಲದವು, ಒಂದಕ್ಕೊಂದು ಬೆರೆಸಬೇಡಿ. ಷು ಬೇಹೊಂಗರ ಹೆಸರಿನಲ್ಲಿ ನಕಲಿಗಳು ಹೇರಳವಾಗಿವೆ; ಯಾರಾದರೂ ಮೂಲಚಿತ್ರವೆಂದು ಹೇಳಿ ಮಾರಲು ಬಂದರೆ ಪರಿಣತರಿಗೆ ತೋರಿಸದೆ ಕೊಳ್ಳಬೇಡಿ.

ನೋಡುವ ಕ್ರಮದ ಬಗ್ಗೆ ಒಂದು ಮಾತು. ಮೆಟ್ರೊಪಾಲಿಟನ್ ಸಂಗ್ರಹಾಲಯ ತನ್ನ ಜಾಲತಾಣದಲ್ಲಿ ಹಾನ್ ಗಾನ್ ಮತ್ತು ಜಾವ್ ಮೆಂಗ್‌ಫು ಇಬ್ಬರ ಚಿತ್ರಗಳನ್ನೂ ಉಚಿತವಾಗಿ ಇಟ್ಟಿದೆ. ಸುರುಳಿಯನ್ನು ಬಲದಿಂದ ಎಡಕ್ಕೆ, ಒಂದು ತೋಳಿನಷ್ಟು ಅಗಲವನ್ನೇ ಬಿಚ್ಚುತ್ತ ನೋಡುವುದು ಪದ್ಧತಿ. ಪರದೆಯ ಮೇಲೂ ಹಾಗೆಯೇ ನಿಧಾನವಾಗಿ ಸರಿಸಿ. ನೀವು ಚಿತ್ರ ಬರೆಯುವವರಾದರೆ, ಹಾನ್ ಗಾನ್‌ನ ಎದೆಯಿಂದ ಹೊಟ್ಟೆಗೆ ಇಳಿಯುವ ಗೆರೆಯೊಂದನ್ನು ಮಾತ್ರ ಮೃದುವಾದ ಕುಂಚದಿಂದ, ಕೈಯೆತ್ತದೆ ನಕಲು ಮಾಡಿ ನೋಡಿ. ಹೊಟ್ಟೆ ಅಷ್ಟು ದೊಡ್ಡದಾಗಿರಬೇಕಿತ್ತೇ ಎಂಬ ನಿಮ್ಮ ಪ್ರಶ್ನೆಗೆ ನಾನು ಬರೆದದ್ದಕ್ಕಿಂತ ಒಳ್ಳೆಯ ಉತ್ತರ ಆಗ ಕೈಗೇ ಸಿಗುತ್ತದೆ.